ಎಣಿಕೆಯ ಮನೆ ತುಂಬಿದಾಗ: ಬೃಹತ್ ಕಡತಗಳೂ ಪೂರ್ಣಾಂಕದ ಮಿತಿಯೂ

ಪೀಠಿಕೆ

ಎಣಿಕೆಗೆ ಕೊನೆಯಿಲ್ಲವೆಂಬುದು ಗಣಿತವನ್ನು ಆಗತಾನೇ ಕಲಿಯತೊಡಗಿದ ಬಾಲಕನಿಗೂ ತಿಳಿದ ಸಂಗತಿ. ಎಷ್ಟೇ ದೊಡ್ಡ ಸಂಖ್ಯೆಯನ್ನು ಹೇಳಿದರೂ ಅದಕ್ಕೆ ಒಂದನ್ನು ಕೂಡಿಸಿ ಇನ್ನೂ ದೊಡ್ಡದನ್ನು ಹೇಳಬಹುದು. ಆದರೆ ಸಂಖ್ಯೆಯನ್ನು ಬರೆದಿಡುವ ಸ್ಥಳಕ್ಕೆ ಮಾತ್ರ ಕೊನೆಯುಂಟು. ಲೆಕ್ಕದ ಪುಸ್ತಕದಲ್ಲಿ ಐದು ಅಂಕೆಗಳಿಗೆ ಮನೆ ಹಾಕಿದ್ದರೆ 99,999ರ ಮುಂದಿನ ಸಂಖ್ಯೆಗೆ ಅಲ್ಲಿ ಎಡೆಯಿಲ್ಲ. ಹಳೆಯ ಸ್ಕೂಟರಿನ ಐದು ಅಂಕೆಗಳ ದೂರಮಾಪಕವು 99,999ನ್ನು ತೋರಿಸಿದ ಬಳಿಕ ಮುಂದಿನ ಕಿಲೋಮೀಟರಿಗೆ 00000 ಎಂದು ತೋರಿಸುತ್ತದೆ. ಇದರಿಂದ ಗಾಡಿಯೇನೂ ಹೊಸದಾಗುವುದಿಲ್ಲ. ಲೆಕ್ಕವಿಡುವ ಸಾಧನದಲ್ಲಿ ಸ್ಥಳ ಮುಗಿಯಿತು, ಅಷ್ಟೇ. ನಡೆದ ದೂರವನ್ನು ಬಲ್ಲವನಿಗೆ ಇದರಿಂದ ಮೋಸವಿಲ್ಲ. ಮಾಪಕವನ್ನೇ ನಂಬಿ ಗಾಡಿಯನ್ನು ಕೊಳ್ಳುವವನಿಗೆ ಮೋಸವುಂಟು.

ಗಣಕಯಂತ್ರದೊಳಗಿನ ಎಣಿಕೆಯೂ ಇದೇ ನಿಯಮಕ್ಕೆ ಒಳಪಟ್ಟಿದೆ. ಸಂಖ್ಯೆಗಾಗಿ ಕಾದಿರಿಸಿದ ಸ್ಥಳವನ್ನು ಮೀರಿ ಎಣಿಕೆ ಬೆಳೆದಾಗ ಉಂಟಾಗುವ ದೋಷಕ್ಕೆ ಗಣಕಶಾಸ್ತ್ರದಲ್ಲಿ 'ಇಂಟಿಜರ್ ಓವರ್‌ಫ್ಲೋ' ಎಂದು ಹೆಸರು. ಕನ್ನಡದಲ್ಲಿ ಅದನ್ನು 'ಪೂರ್ಣಾಂಕದ ಮಿತಿಮೀರುವಿಕೆ' ಎನ್ನಬಹುದು. ಬಹು ದೊಡ್ಡ ಕಡತಗಳನ್ನು ನಿರ್ವಹಿಸುವ ತಂತ್ರಾಂಶಗಳಲ್ಲಿ ಈ ದೋಷವು ಹೇಗೆ ಹುಟ್ಟುತ್ತದೆ, ಎಲ್ಲಿ ಅಡಗಿರುತ್ತದೆ, ಅದನ್ನು ತಿದ್ದುವ ಕ್ರಮ ಯಾವುದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ತಂತ್ರಾಂಶವನ್ನು ರಚಿಸದವರಿಗೂ ಈ ವಿಷಯದಲ್ಲಿ ತಿಳಿಯಬೇಕಾದ ಸಂಗತಿಯಿದೆ. ಸಭೆ, ಪ್ರವಚನ, ನಾಟಕ, ಸಂಗೀತಗಳ ಧ್ವನಿಮುದ್ರಣಗಳನ್ನೂ ಹಳೆಯ ಪುಸ್ತಕಗಳ ಛಾಯಾಪ್ರತಿಗಳನ್ನೂ ಇಂದು ಸಂಸ್ಥೆಗಳು ಗಣಕದಲ್ಲಿಯೇ ಕಾಪಾಡುತ್ತಿವೆ. ಯಂತ್ರವು ತೋರಿಸಿದ ತಪ್ಪು ಅಳತೆಯನ್ನು ನಂಬಿ ಒಳ್ಳೆಯ ಕಡತವನ್ನು ಅಳಿಸಿಹಾಕಿದರೆ ಆ ನಷ್ಟ ಮರಳಿ ತುಂಬುವಂಥದಲ್ಲ.

ಗಣಕಯಂತ್ರದ ಎಣಿಕೆಯ ಮನೆಗಳು

ಗಣಕವು ದ್ವಿಮಾನ ಪದ್ಧತಿಯಲ್ಲಿ ಎಣಿಸುತ್ತದೆ. ಅದರ ಒಂದೊಂದು ಮನೆಗೆ 'ಬಿಟ್' ಎಂದು ಹೆಸರು. ಪ್ರತಿಯೊಂದು ಮನೆಯಲ್ಲಿ ಸೊನ್ನೆ ಇಲ್ಲವೆ ಒಂದು ಮಾತ್ರ ಕೂರಬಲ್ಲುದು. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ಎಂಟು ಮನೆಗಳಲ್ಲಿ 0ಯಿಂದ 255ರವರೆಗೂ, ಹದಿನಾರು ಮನೆಗಳಲ್ಲಿ 0ಯಿಂದ 65,535ರವರೆಗೂ ಎಣಿಸಬಹುದು. ಮೂವತ್ತೆರಡು ಮನೆಗಳಾದರೆ ಎಣಿಕೆ 4,29,49,67,295ಕ್ಕೆ ಮುಟ್ಟುತ್ತದೆ. ಇದು ಬೈಟ್‌ಗಳ ಲೆಕ್ಕದಲ್ಲಿ 4 ಗಿಗಾಬೈಟ್‌ಗೆ ಒಂದು ಬೈಟ್ ಮಾತ್ರ ಕಡಮೆ.

ಋಣಸಂಖ್ಯೆಗಳನ್ನೂ ಬರೆಯಬೇಕಾದಾಗ ಇದೇ ಮನೆಗಳನ್ನು ಎರಡು ಪಾಲು ಮಾಡಲಾಗುತ್ತದೆ. ಅರ್ಧ ಧನಸಂಖ್ಯೆಗಳಿಗೆ, ಅರ್ಧ ಋಣಸಂಖ್ಯೆಗಳಿಗೆ. ಆಗ ಮೂವತ್ತೆರಡು ಬಿಟ್‌ಗಳ ಚಿಹ್ನೆಸಹಿತ ಪೂರ್ಣಾಂಕದ ಗರಿಷ್ಠ ಬೆಲೆ 2,14,74,83,647 ಮಾತ್ರ. ಇದಕ್ಕೆ ಒಂದನ್ನು ಕೂಡಿಸಿದರೆ ಬಹುತೇಕ ಯಂತ್ರಗಳಲ್ಲಿ ಉತ್ತರವು ಸೊನ್ನೆಗೂ ಹೋಗದೆ, ನೇರವಾಗಿ −2,14,74,83,648 ಆಗುತ್ತದೆ. ಅತ್ಯಂತ ದೊಡ್ಡ ಧನಸಂಖ್ಯೆಯ ಪಕ್ಕದ ಮನೆ ಅತ್ಯಂತ ದೊಡ್ಡ ಋಣದ್ದು. ಹೀಗಾದಾಗ ಗಂಟೆ ಬಾರಿಸುವುದಿಲ್ಲ, ಯಂತ್ರ ನಿಲ್ಲುವುದಿಲ್ಲ. ತಪ್ಪು ಉತ್ತರವೇ ಸರಿಯಾದ ಉತ್ತರದ ವೇಷದಲ್ಲಿ ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ಈ ದೋಷದ ಅಪಾಯವಿರುವುದು ಮುಖ್ಯವಾಗಿ ಈ ಮೌನದಲ್ಲಿ.

ಒಂದು ಉದಾಹರಣೆ: ರಾತ್ರಿಯಿಡೀ ನಡೆದ ಬಯಲಾಟ

ನಮ್ಮ ನಾಡಿನ ಬಯಲಾಟ ರಾತ್ರಿ ಒಂಬತ್ತಕ್ಕೆ ಆರಂಭವಾಗಿ ಬೆಳಗಿನ ಆರಕ್ಕೆ ಮಂಗಳವಾಗುವುದುಂಟು. ಒಬ್ಬರು ಅದನ್ನು ಆದ್ಯಂತವಾಗಿ ವೇವ್ ಎಂಬ ಸ್ವರೂಪದ ಕಡತದಲ್ಲಿ ಮುದ್ರಿಸಿಕೊಂಡರೆಂದು ಭಾವಿಸೋಣ. ಸಿ.ಡಿ. ಗುಣಮಟ್ಟದ ಮುದ್ರಣವೆಂದರೆ ಸೆಕೆಂಡಿಗೆ 44,100 ಮಾದರಿಗಳು. ಪ್ರತಿ ಮಾದರಿಗೆ 2 ಬೈಟ್. ಎಡ, ಬಲ ಎಂದು 2 ವಾಹಿನಿಗಳು. ಇವುಗಳ ಗುಣಲಬ್ಧ ಸೆಕೆಂಡಿಗೆ 1,76,400 ಬೈಟ್. ಒಂಬತ್ತು ಗಂಟೆಗೆ 32,400 ಸೆಕೆಂಡುಗಳು. ಆದ್ದರಿಂದ ಒಟ್ಟು ಧ್ವನಿದತ್ತಾಂಶ 5,71,53,60,000 ಬೈಟ್.

ಮೈಕ್ರೊಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳು 1991ರಲ್ಲಿ ರೂಪಿಸಿದ ಈ ಕಡತಸ್ವರೂಪದ ಮೊದಲ ಭಾಗದಲ್ಲಿ 'ಇಲ್ಲಿಂದ ಮುಂದೆ ಇಷ್ಟು ಬೈಟ್ ಧ್ವನಿಯಿದೆ' ಎಂದು ಬರೆದಿಡಲು ಮೂವತ್ತೆರಡು ಬಿಟ್‌ಗಳ ಸ್ಥಳವಿದೆ. ನಮ್ಮ ಸಂಖ್ಯೆ ಅಲ್ಲಿ ಹಿಡಿಸುವುದಿಲ್ಲ. ಮಿತಿಯನ್ನು ಗಮನಿಸದೆ ಬರೆದುಕೊಂಡು ಹೋಗುವ ತಂತ್ರಾಂಶದಲ್ಲಿ 4,29,49,67,296 ಕಳೆದುಹೋಗಿ ಶೇಷ ಮಾತ್ರ ಉಳಿಯುತ್ತದೆ. ಆ ಶೇಷ 1,42,03,92,704. ಇದನ್ನು 1,76,400ರಿಂದ ಭಾಗಿಸಿದರೆ 8,052 ಸೆಕೆಂಡು, ಎಂದರೆ 2 ಗಂಟೆ 14 ನಿಮಿಷ 12 ಸೆಕೆಂಡು. ಒಂಬತ್ತು ಗಂಟೆಯ ಆಟವನ್ನು ಗಣಕವು ಎರಡೂಕಾಲು ಗಂಟೆಗೂ ಕಡಮೆ ಅವಧಿಯದೆಂದು ತೋರಿಸಿ, ಅಲ್ಲಿಗೆ ನುಡಿಸುವುದನ್ನು ನಿಲ್ಲಿಸಿಬಿಡುತ್ತದೆ.

ಅದೇ ಮುದ್ರಣ ಐದು ಗಂಟೆಯದಾಗಿದ್ದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಐದು ಗಂಟೆಗೆ 3,17,52,00,000 ಬೈಟ್. ಇದು ಮೂವತ್ತೆರಡು ಬಿಟ್‌ಗಳಲ್ಲಿ ಹಿಡಿಸುವ ಸಂಖ್ಯೆಯೇ. ಆದರೆ ಓದುವ ತಂತ್ರಾಂಶವು ಅದನ್ನು ಚಿಹ್ನೆಸಹಿತ ಸಂಖ್ಯೆಯೆಂದು ತಿಳಿದರೆ −1,11,97,67,296 ಎಂದು ಓದುತ್ತದೆ. ಋಣಪ್ರಮಾಣದ ಕಡತವೆಂಬುದು ಲೋಕದಲ್ಲಿಲ್ಲ. ಆದ್ದರಿಂದ ಅದು 'ಕಡತ ಕೆಟ್ಟಿದೆ' ಎಂದು ತೀರ್ಪು ಕೊಡಬಹುದು. ಹೀಗೆ ಒಂದೇ ಮುದ್ರಣಕ್ಕೆ ಎರಡು ಗಡಿಗಳು: ಚಿಹ್ನೆಸಹಿತವಾಗಿ ಓದುವ ತಂತ್ರಾಂಶಕ್ಕೆ 3 ಗಂಟೆ 22 ನಿಮಿಷ, ಚಿಹ್ನೆರಹಿತವಾಗಿ ಓದುವುದಕ್ಕೆ 6 ಗಂಟೆ 45 ನಿಮಿಷ.

ಇಲ್ಲಿ ಓದುಗರು ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ಮುದ್ರಿಸುವ ತಂತ್ರಾಂಶಗಳಲ್ಲಿ ಕೆಲವು ಮಿತಿ ಸಮೀಪಿಸಿದೊಡನೆ ಹೊಸ ಕಡತವನ್ನು ತೆರೆಯುತ್ತವೆ, ಕೆಲವು ಅಲ್ಲಿಗೇ ನಿಲ್ಲುತ್ತವೆ, ಕೆಲವು ಬರೆಯುತ್ತಲೇ ಹೋಗುತ್ತವೆ. ಬರೆಯುತ್ತಲೇ ಹೋಗಿದ್ದ ಪಕ್ಷದಲ್ಲಿ ಧ್ವನಿಯೆಲ್ಲವೂ ಡಿಸ್ಕಿನಲ್ಲಿ ಕ್ಷೇಮವಾಗಿಯೇ ಇರುತ್ತದೆ. ಸುಳ್ಳಾಗಿರುವುದು ತಲೆಭಾಗದ ನಾಲ್ಕು ಬೈಟ್‌ಗಳು ಮಾತ್ರ. ಡಿಸ್ಕು ತೋರಿಸುವ ಒಟ್ಟು ಗಾತ್ರಕ್ಕೂ ನುಡಿಸುವ ತಂತ್ರಾಂಶ ಹೇಳುವ ಅವಧಿಗೂ ತಾಳೆ ನೋಡಿದರೆ ಇದು ತಿಳಿದುಬರುತ್ತದೆ. ಆಡಾಸಿಟಿಯಂತಹ ಧ್ವನಿಸಂಪಾದಕದಲ್ಲಿ ತಲೆಭಾಗವನ್ನು ನಂಬದೆ ಕಚ್ಚಾ ದತ್ತಾಂಶವನ್ನೇ ನೇರವಾಗಿ ತೆಗೆದುಕೊಳ್ಳುವ ಸೌಕರ್ಯವುಂಟು. ಮಾದರಿಗಳ ಸಂಖ್ಯೆ, ಬಿಟ್, ವಾಹಿನಿಗಳನ್ನು ನಾವೇ ತಿಳಿಸಿದರೆ ಇಡೀ ಆಟ ಮರಳಿ ದೊರೆಯುತ್ತದೆ. ಆದರೆ ಅದಕ್ಕೆ ಮೊದಲು ಪ್ರತಿ ಮಾಡಿಕೊಳ್ಳಬೇಕು. ಪ್ರತಿಯನ್ನು ಇಡುವ ಪೆನ್‌ಡ್ರೈವು ಫ್ಯಾಟ್ 32 ಪದ್ಧತಿಯದಾಗಿದ್ದರೆ ಅದೂ 4 ಗಿಗಾಬೈಟ್ ಗಾತ್ರದ ಕಡತವನ್ನು ಸ್ವೀಕರಿಸದು. ಅಲ್ಲಿಯೂ ಕಡತದ ಗಾತ್ರವನ್ನು ಬರೆಯುವ ಸ್ಥಳ ಮೂವತ್ತೆರಡು ಬಿಟ್‌ಗಳದೇ.

ದೋಷವು ಅಡಗಿರುವ ಸ್ಥಳಗಳು

ಈ ಮಿತಿಗಳನ್ನು ಇಟ್ಟವರು ಅವಿವೇಕಿಗಳಾಗಿರಲಿಲ್ಲ. ಆ ಸ್ವರೂಪ ರೂಪುಗೊಂಡ ಕಾಲದಲ್ಲಿ ಸಾಮಾನ್ಯ ಗಣಕಗಳ ಡಿಸ್ಕುಗಳು ಮೆಗಾಬೈಟ್‌ಗಳ ಲೆಕ್ಕದಲ್ಲಿದ್ದವು; ಒಂದು ಕಡತವೇ 4 ಗಿಗಾಬೈಟ್ ಆಗುವುದೆಂಬುದು ದೂರದ ಮಾತಾಗಿತ್ತು. ಅಂದಿನ ಅಳತೆಗೆ ಸರಿಯಾಗಿದ್ದ ಕ್ರಮವಿಧಿಯನ್ನು ಇಂದಿನ ಅಳತೆಗೆ ಹಾಗೆಯೇ ಬಳಸಿದಾಗ ದೋಷ ಹೊರಬೀಳುತ್ತದೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ತನ್ನ ಪ್ರಥಮ ಉಡಾವಣೆಯಲ್ಲಿ ಸುಮಾರು 40 ಸೆಕೆಂಡುಗಳಲ್ಲಿ ನಾಶವಾದುದಕ್ಕೆ ಇಂಥದೇ ಕಾರಣ. ಏರಿಯಾನ್ 4ಕ್ಕಾಗಿ ಬರೆದ ಕ್ರಮವಿಧಿಯಲ್ಲಿ ಅಡ್ಡಗತಿಗೆ ಸಂಬಂಧಿಸಿದ ಒಂದು ಬೆಲೆಯನ್ನು ಹದಿನಾರು ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸಲಾಗುತ್ತಿತ್ತು. ಹೆಚ್ಚು ವೇಗದ ಹೊಸ ರಾಕೆಟ್ಟಿನಲ್ಲಿ ಆ ಬೆಲೆ ಮಿತಿಯನ್ನು ದಾಟಿತು.

ಕಡತಗಳನ್ನು ನಿರ್ವಹಿಸುವ ಕ್ರಮವಿಧಿಗಳಲ್ಲಿ ಈ ದೋಷವನ್ನು ಹುಡುಕಬೇಕಾದ ಸ್ಥಳಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಕಡತದ ಗಾತ್ರವನ್ನೂ ಓದುತ್ತಿರುವ ಸ್ಥಾನವನ್ನೂ ಇಡುವ ಪಾತ್ರೆ. ಸಿ ಭಾಷೆಯಲ್ಲಿ ಕಡತದೊಳಗೆ ಸ್ಥಾನ ಬದಲಿಸುವ ಎಫ್‌ಸೀಕ್, ಸ್ಥಾನ ತಿಳಿಸುವ ಎಫ್‌ಟೆಲ್ ಎಂಬ ವಿಧಿಗಳು 'ಲಾಂಗ್' ಎಂಬ ಬಗೆಯ ಪೂರ್ಣಾಂಕವನ್ನು ಬಳಸುತ್ತವೆ. ಅರವತ್ತನಾಲ್ಕು ಬಿಟ್‌ಗಳ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 64 ಬಿಟ್. ಅರವತ್ತನಾಲ್ಕು ಬಿಟ್‌ಗಳದೇ ಆದ ವಿಂಡೋಸ್‌ನಲ್ಲಿ ಮಾತ್ರ ಅದು 32 ಬಿಟ್. ಒಂದೆಡೆ ನಿರ್ದೋಷವಾಗಿ ನಡೆದ ಕ್ರಮವಿಧಿಯು ಇನ್ನೊಂದೆಡೆ 2 ಗಿಗಾಬೈಟ್‌ಗೆ ಎಡವಲು ಇದೇ ಕಾರಣ.

ಎರಡನೆಯದು, ಗುಣಾಕಾರ. ದೊಡ್ಡದೊಂದು ಭೂಪಟವನ್ನು ಅಡ್ಡಕ್ಕೆ 40,000, ಉದ್ದಕ್ಕೆ 30,000 ಬಿಂದುಗಳಂತೆ ಛಾಯಾಪ್ರತಿ ಮಾಡಿ, ಬಿಂದುವಿಗೆ 3 ಬೈಟ್ ವರ್ಣವನ್ನಿಟ್ಟರೆ ಒಟ್ಟು 3,60,00,00,000 ಬೈಟ್. ಮೂರು ಸಂಖ್ಯೆಗಳೂ ಬಿಡಿಯಾಗಿ ಚಿಕ್ಕವು. ಗುಣಲಬ್ಧ ಮಾತ್ರ ಮಿತಿ ಮೀರಿದ್ದು. ಅನೇಕರು ಉತ್ತರವನ್ನು 64 ಬಿಟ್‌ಗಳ ಪಾತ್ರೆಗೆ ಹಾಕಿದ್ದೇವೆಂದು ನೆಮ್ಮದಿಯಿಂದಿರುತ್ತಾರೆ. ಆದರೆ ಗುಣಾಕಾರವು 32 ಬಿಟ್‌ಗಳಲ್ಲಿಯೇ ನಡೆದುಹೋಗಿ, ಕೆಟ್ಟ ಉತ್ತರವು −69,49,67,296 ಎಂದು ದೊಡ್ಡ ಪಾತ್ರೆಗೆ ಬಂದು ಬೀಳುತ್ತದೆ. ಕೊಳಗದಲ್ಲಿ ಅಳೆಯುವಾಗಲೇ ಚೆಲ್ಲಿಹೋದ ಕಾಳನ್ನು ದೊಡ್ಡ ಹಗೇವು ತೋಡಿ ಉಳಿಸಲಾಗದು. ಇದಕ್ಕಿಂತ ಕೇಡಿನದು 65,536ನ್ನು 65,536ರಿಂದ ಗುಣಿಸುವುದು. 32 ಬಿಟ್‌ಗಳಲ್ಲಿ ಇದರ ಉತ್ತರ ಸೊನ್ನೆ. ಸೊನ್ನೆಯಷ್ಟು ನೆನಪುಕೋಶವನ್ನು ಕೇಳಿ ಪಡೆದು ಅದರಲ್ಲಿ ನಾಲ್ಕು ಗಿಗಾಬೈಟ್ ತುಂಬಹೊರಟರೆ ಪಕ್ಕದ ದತ್ತಾಂಶವೆಲ್ಲ ನಾಶವಾಗುತ್ತದೆ. ದುಷ್ಟ ಉದ್ದೇಶದವರು ಇದನ್ನೇ ಆಯುಧವಾಗಿ ಬಳಸುವುದುಂಟು.

ಮೂರನೆಯದು, ಮಧ್ಯಬಿಂದುವಿನ ಲೆಕ್ಕ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವಾಗ ಆದಿ, ಅಂತ್ಯಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ರೂಢಿ. ಗಣಿತದಲ್ಲಿ ಇದು ನಿರ್ದೋಷ. ಆದರೆ ಪಟ್ಟಿಯಲ್ಲಿ ನೂರು ಕೋಟಿಗೂ ಮಿಕ್ಕಿದ ಅಂಶಗಳಿದ್ದರೆ ಕೂಡಿಸುವಾಗಲೇ ಮಿತಿ ಮೀರುವ ಸಂಭವವುಂಟು. 1986ರಲ್ಲಿ ಪ್ರಕಟವಾದ ಜಾನ್ ಬೆಂಟ್ಲಿಯವರ ಪ್ರಸಿದ್ಧ ಗ್ರಂಥ 'ಪ್ರೋಗ್ರಾಮಿಂಗ್ ಪರ್ಲ್ಸ್'ನಲ್ಲಿಯೂ ಜಾವಾ ಭಾಷೆಯ ಗ್ರಂಥಾಲಯದಲ್ಲಿಯೂ ಈ ದೋಷವಿತ್ತು. ಜಾವಾದ ಆ ಭಾಗವನ್ನು ಬರೆದ ಜಾಶುವಾ ಬ್ಲಾಕ್ ಅವರೇ 2006ರಲ್ಲಿ ಇದನ್ನು ಬಹಿರಂಗವಾಗಿ ಒಪ್ಪಿಕೊಂಡು ವಿವರಿಸಿದರು; ಅಷ್ಟರಲ್ಲಿ ಸುಮಾರು ಒಂಬತ್ತು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪರಿಹಾರ ಅತಿ ಸರಳ: ಆದಿ + (ಅಂತ್ಯ − ಆದಿ) ÷ 2. ಬೀಜಗಣಿತದ ದೃಷ್ಟಿಯಿಂದ ಎರಡೂ ಒಂದೇ; ಯಂತ್ರದ ದೃಷ್ಟಿಯಿಂದ ಒಂದು ಅಪಾಯ, ಇನ್ನೊಂದು ಕ್ಷೇಮ.

ನಾಲ್ಕನೆಯದು, ಚಿಹ್ನೆರಹಿತ ಸಂಖ್ಯೆಗಳ ವ್ಯವಕಲನ. ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು ಗಾತ್ರದಿಂದ ಸ್ಥಾನವನ್ನು ಕಳೆಯುತ್ತೇವೆ. ಸ್ಥಾನವು ಗಾತ್ರವನ್ನು ಒಂದೇ ಒಂದು ಬೈಟ್ ಮೀರಿದ್ದರೂ ಉತ್ತರ −1 ಆಗದೆ 4,29,49,67,295 ಆಗುತ್ತದೆ. ಇನ್ನೂ ನಾಲ್ಕು ಗಿಗಾಬೈಟ್ ಉಳಿದಿದೆಯೆಂದು ಯಂತ್ರ ಓದುತ್ತಲೇ ಹೋಗುತ್ತದೆ.

ತಿದ್ದುವ ಕ್ರಮ

ಮೊದಲು ಮಾಡಬೇಕಾದುದು ಸಂಖ್ಯೆಯ ದಾರಿಯನ್ನು ಹಿಡಿದು ನಡೆಯುವುದು. ಕಡತದ ಗಾತ್ರವು ಕ್ರಮವಿಧಿಯೊಳಗೆ ಎಲ್ಲಿ ಪ್ರವೇಶಿಸುತ್ತದೆ, ಯಾವ ಯಾವ ಹೆಸರುಗಳಲ್ಲಿ ಸಂಚರಿಸುತ್ತದೆ, ಯಾವ ವಿಧಿಗೆ ಒಪ್ಪಿಸಲ್ಪಡುತ್ತದೆ, ಕೊನೆಗೆ ಎಲ್ಲಿ ಬರೆಯಲ್ಪಡುತ್ತದೆ ಎಂಬುದನ್ನು ಆದಿಯಿಂದ ಅಂತ್ಯದವರೆಗೆ ಪರಿಶೀಲಿಸಬೇಕು. ಹತ್ತು ಕಡೆ 64 ಬಿಟ್‌ಗಳನ್ನಿಟ್ಟು ಹನ್ನೊಂದನೆಯ ಕಡೆ 32 ಬಿಟ್‌ಗಳನ್ನು ಉಳಿಸಿದರೆ ತಿದ್ದುಪಡಿಯೆಲ್ಲ ವ್ಯರ್ಥ. ಕಾಲುವೆಯ ನೀರು ಅದರ ಅತಿ ಕಿರಿದಾದ ತೂಬಿನಷ್ಟೇ ಹರಿಯುತ್ತದೆ.

ಎರಡನೆಯದಾಗಿ, ಹಿಗ್ಗಿಸುವ ಕೆಲಸ ಲೆಕ್ಕಕ್ಕೆ ಮುಂಚೆ ನಡೆಯಬೇಕು. ಗುಣಿಸಬೇಕಾದ ಸಂಖ್ಯೆಗಳಲ್ಲಿ ಒಂದನ್ನಾದರೂ ಮೊದಲೇ 64 ಬಿಟ್‌ಗಳಿಗೆ ಏರಿಸಿದರೆ ಗುಣಾಕಾರವೂ ಅಷ್ಟೇ ಅಗಲದಲ್ಲಿ ನಡೆಯುತ್ತದೆ. 64 ಬಿಟ್‌ಗಳ ಚಿಹ್ನೆಸಹಿತ ಪೂರ್ಣಾಂಕದ ಗರಿಷ್ಠ ಬೆಲೆ 92,23,37,20,36,85,47,75,807. ಮೇಲೆ ಹೇಳಿದ ಧ್ವನಿಮುದ್ರಣದ ಗತಿಯಲ್ಲಿ ಇದು ತುಂಬಲು 16 ಲಕ್ಷ ವರ್ಷಗಳಿಗೂ ಹೆಚ್ಚು ಬೇಕು.

ಮೂರನೆಯದಾಗಿ, ಪರೀಕ್ಷೆಯೂ ಲೆಕ್ಕಕ್ಕೆ ಮುಂಚೆಯೇ ನಡೆಯಬೇಕು. ಮೊದಲು ಕೂಡಿಸಿ, ಅನಂತರ ಉತ್ತರವು ಮಿತಿ ಮೀರಿತೇ ಎಂದು ಕೇಳುವುದು ತಡವಾದ ಪ್ರಶ್ನೆ. ಸಿ ಭಾಷೆಯಲ್ಲಿ ಚಿಹ್ನೆಸಹಿತ ಸಂಖ್ಯೆ ಮಿತಿ ಮೀರಿದರೆ ಏನಾಗಬೇಕೆಂದು ನಿಯಮವೇ ಹೇಳುವುದಿಲ್ಲ; ಆದಕಾರಣ ಅಂಥ ತಡವಾದ ಪರೀಕ್ಷೆಯನ್ನು ಕಂಪೈಲರ್ ಅನವಶ್ಯಕವೆಂದು ತೆಗೆದುಹಾಕಲೂಬಹುದು. ಕೂಡಿಸುವ ಮೊದಲೇ ಗರಿಷ್ಠ ಬೆಲೆಯಿಂದ ಒಂದನ್ನು ಕಳೆದು, ಉಳಿದ ಸ್ಥಳದಲ್ಲಿ ಇನ್ನೊಂದು ಹಿಡಿಸುವುದೇ ಎಂದು ನೋಡುವುದು ಸರಿಯಾದ ಕ್ರಮ.

ನಾಲ್ಕನೆಯದಾಗಿ, ಹಿಡಿಸದಿದ್ದಾಗ ನಿರಾಕರಿಸಬೇಕು. 1996ರಲ್ಲಿ ಯುನಿಕ್ಸ್ ತಯಾರಕರು 'ಲಾರ್ಜ್ ಫೈಲ್ ಸಮ್ಮಿಟ್' ಎಂಬ ಹೆಸರಿನಲ್ಲಿ ಒಟ್ಟುಗೂಡಿ ರೂಪಿಸಿದ ನಿಯಮಗಳಲ್ಲಿ ಈ ವಿವೇಕ ಕಾಣುತ್ತದೆ. 32 ಬಿಟ್‌ಗಳ ಯಂತ್ರಗಳಲ್ಲಿಯೂ ಕಡತದ ಸ್ಥಾನವನ್ನು 64 ಬಿಟ್‌ಗಳಲ್ಲಿ ಇಡುವ ಮಾರ್ಗವನ್ನು ಅವರು ತೋರಿಸಿದರು. ಅದನ್ನು ಬಳಸದ ಹಳೆಯ ಕ್ರಮವಿಧಿಯು 2 ಗಿಗಾಬೈಟ್ ಮೀರಿದ ಕಡತವನ್ನು ತೆರೆಯಹೋದರೆ, ತಪ್ಪು ಗಾತ್ರವನ್ನು ಕೊಡುವ ಬದಲು, ಬೆಲೆ ಮಿತಿ ಮೀರಿತೆಂಬ ದೋಷಸೂಚನೆಯಿತ್ತು ತೆರೆಯುವುದನ್ನೇ ತಡೆಯುವಂತೆ ಗೊತ್ತುಪಡಿಸಿದರು.

ಕಡತದ ಸ್ವರೂಪವೇ ಇಕ್ಕಟ್ಟಾಗಿದ್ದಾಗ

ಕ್ರಮವಿಧಿಯನ್ನು ತಿದ್ದಿದ ಮಾತ್ರಕ್ಕೆ ಎಲ್ಲವೂ ಮುಗಿಯದು. ಕಡತದ ತಲೆಭಾಗದಲ್ಲೇ ನಾಲ್ಕು ಬೈಟ್‌ಗಳ ಸ್ಥಳವಿದ್ದರೆ ಅದನ್ನು ಎಂಟಕ್ಕೆ ಹಿಗ್ಗಿಸುವಂತಿಲ್ಲ. ಹಿಗ್ಗಿಸಿದರೆ ಹಳೆಯ ಕಡತಗಳನ್ನು ಓದಲಾಗದು. ಇದಕ್ಕೆ ತಜ್ಞರು ಕಂಡುಕೊಂಡ ಉಪಾಯ ಸ್ವಾರಸ್ಯವಾಗಿದೆ. ಹಳೆಯ ಸ್ಥಳದಲ್ಲಿ ಗರಿಷ್ಠ ಬೆಲೆಯನ್ನು, ಎಂದರೆ ಎಲ್ಲ ಮನೆಗಳಲ್ಲೂ ಒಂದನ್ನು ತುಂಬಿ, 'ನಿಜವಾದ ಸಂಖ್ಯೆ ಬೇರೆಡೆಯಿದೆ' ಎಂಬುದಕ್ಕೆ ಅದನ್ನು ಸಂಕೇತವಾಗಿಸುವುದು. ನಿಜವಾದ 64 ಬಿಟ್‌ಗಳ ಸಂಖ್ಯೆಯನ್ನು ಹೊಸದೊಂದು ಭಾಗದಲ್ಲಿ ಬರೆಯುವುದು. ಜಿಪ್ ಸ್ವರೂಪವು ಜಿಪ್ 64 ಆಗಿ 2001ರಲ್ಲಿ ಬೆಳೆದದ್ದು ಹೀಗೆ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ರೂಪಿಸಿದ ಆರ್‌ಎಫ್ 64 ಎಂಬ ಧ್ವನಿಸ್ವರೂಪವೂ ಇದೇ ಮಾರ್ಗದ್ದು. ನಮ್ಮ ಬಯಲಾಟವನ್ನು ಈ ಸ್ವರೂಪದಲ್ಲಿ ಮುದ್ರಿಸಿದ್ದರೆ ಒಂಬತ್ತು ಗಂಟೆಯೂ ಒಂದೇ ಕಡತದಲ್ಲಿ ನಿರಾತಂಕವಾಗಿ ಇರುತ್ತಿತ್ತು.

ಜಿಜಿಪ್ ಎಂಬ ಸಂಕೋಚನ ತಂತ್ರಾಂಶದ ಕಥೆ ಬೇರೆ. ಅದರ ಕಡತದ ಕೊನೆಯ ನಾಲ್ಕು ಬೈಟ್‌ಗಳಲ್ಲಿ ಮೂಲಕಡತದ ಗಾತ್ರವನ್ನು 4,29,49,67,296ರಿಂದ ಭಾಗಿಸಿದಾಗ ಬರುವ ಶೇಷ ಮಾತ್ರ ಇರುತ್ತದೆ. ಕಡತವನ್ನು ಬಿಚ್ಚಿದರೆ ದತ್ತಾಂಶವೆಲ್ಲ ಸರಿಯಾಗಿ ಬರುತ್ತಿತ್ತು. ಪಟ್ಟಿಯಲ್ಲಿ ತೋರಿಸುವ ಗಾತ್ರ ಮಾತ್ರ ದೊಡ್ಡ ಕಡತಗಳಿಗೆ ತಪ್ಪಾಗಿರುತ್ತಿತ್ತು. 2022ರ 1.12ನೆಯ ಆವೃತ್ತಿಯಲ್ಲಿ ಇದನ್ನು ತಿದ್ದಿದರು. ಆ ನಾಲ್ಕು ಬೈಟ್‌ಗಳನ್ನು ನಂಬುವುದನ್ನು ಬಿಟ್ಟು, ಕಡತವನ್ನು ನಿಜವಾಗಿ ಬಿಚ್ಚಿ ಎಣಿಸಿಯೇ ಗಾತ್ರ ಹೇಳುವಂತೆ ಮಾಡಿದರು. ಕೆಲಸ ನಿಧಾನವಾಯಿತು, ಉತ್ತರ ಸತ್ಯವಾಯಿತು.

ಪರೀಕ್ಷೆಯ ವಿಧಾನ

ಇಂಥ ದೋಷವು ವರ್ಷಾನುಗಟ್ಟಲೆ ಅಡಗಿರಲು ಕಾರಣ, ಪರೀಕ್ಷಿಸುವವರು ಚಿಕ್ಕ ಕಡತಗಳನ್ನೇ ಬಳಸುವುದು. ಗಡಿಯ ಅತ್ತಿತ್ತ ನಿಂತು ನೋಡಬೇಕು: 2 ಗಿಗಾಬೈಟ್‌ಗೆ ಒಂದು ಬೈಟ್ ಕಡಮೆ, ಸರಿಯಾಗಿ 2 ಗಿಗಾಬೈಟ್, ಒಂದು ಬೈಟ್ ಹೆಚ್ಚು, ಹಾಗೆಯೇ 4 ಗಿಗಾಬೈಟ್‌ನ ಸುತ್ತಲೂ. ಇದಕ್ಕೆ ದೊಡ್ಡ ಡಿಸ್ಕು ಬೇಕಾಗಿಲ್ಲ. ಅನೇಕ ಕಡತವ್ಯವಸ್ಥೆಗಳಲ್ಲಿ ಐದು ಗಿಗಾಬೈಟ್ ಮುಂದಕ್ಕೆ ಸರಿದು ಒಂದೇ ಬೈಟ್ ಬರೆದರೆ ಕಡತದ ಗಾತ್ರ ಐದು ಗಿಗಾಬೈಟ್ ಎನಿಸುತ್ತದೆ. ನಡುವಿನ ಬರಿದಾದ ಭಾಗವು ಡಿಸ್ಕಿನಲ್ಲಿ ಸ್ಥಳವನ್ನು ಹಿಡಿಯುವುದಿಲ್ಲ. ಮತ್ತೊಂದು ಎಚ್ಚರ: ಲಿನಕ್ಸ್‌ನಲ್ಲಿ ಒಮ್ಮೆ ಓದಲು ಕೇಳಿದರೆ ಹೆಚ್ಚೆಂದರೆ 2,14,74,79,552 ಬೈಟ್ ಮಾತ್ರ ಬರುತ್ತದೆ, ಯಂತ್ರ 64 ಬಿಟ್‌ಗಳದಾದರೂ ಸರಿಯೇ. ಎಷ್ಟು ಬಂತೆಂದು ನೋಡಿ ಉಳಿದುದನ್ನು ಮತ್ತೆ ಕೇಳುವಂತೆ ಕ್ರಮವಿಧಿಯನ್ನು ಬರೆಯಬೇಕು.

ತರಗತಿಯಲ್ಲಿ ಈ ಪಾಠ

ಉಪಾಧ್ಯಾಯರು ಈ ತತ್ತ್ವವನ್ನು ಗಣಕವಿಲ್ಲದೆಯೂ ಬೋಧಿಸಬಹುದು. ಕರಿಹಲಗೆಯ ಮೇಲೆ ಗಡಿಯಾರದಂತೆ ಒಂದು ವೃತ್ತ ಬರೆದು ಹದಿನಾರು ಮನೆ ಮಾಡಿ, ಬಲಕ್ಕೆ ಸುತ್ತುತ್ತ 0ಯಿಂದ 7ರವರೆಗೂ, ಮುಂದೆ −8ರಿಂದ −1ರವರೆಗೂ ಬರೆಯಿರಿ. ಇದು ನಾಲ್ಕು ಬಿಟ್‌ಗಳ ಗಣಕ. 7ಕ್ಕೆ 1ನ್ನು ಕೂಡಿಸಲು ಹೇಳಿದರೆ ಬಾಲಕರು ಒಂದು ಮನೆ ಮುಂದೆ ಸರಿದು −8ಕ್ಕೆ ಬಂದು ನಗುತ್ತಾರೆ. 5 ಮತ್ತು 7ರ ಮಧ್ಯಬಿಂದುವನ್ನು ಕೇಳಿರಿ. ಕೂಡಿಸಿ ಅರ್ಧ ಮಾಡಿದವನಿಗೆ ಮೊದಲು −4, ಅನಂತರ −2 ದೊರೆಯುತ್ತದೆ. ವ್ಯತ್ಯಾಸದ ಅರ್ಧವನ್ನು 5ಕ್ಕೆ ಕೂಡಿಸಿದವನಿಗೆ 6 ದೊರೆಯುತ್ತದೆ. ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲಿ ಅಡಗಿದ್ದ ದೋಷವನ್ನು ಎಂಟನೆಯ ತರಗತಿಯ ವಿದ್ಯಾರ್ಥಿ ಹತ್ತು ನಿಮಿಷದಲ್ಲಿ ಸ್ವತಃ ಕಂಡುಹಿಡಿದಂತಾಗುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ಮಿತಿಯಿರುವುದು ದೋಷವಲ್ಲ. ಮಿತಿಯನ್ನು ಮರೆಯುವುದು ದೋಷ. ಇಂದು ಇರುವ ಅಳತೆಯನ್ನಲ್ಲ, ಮುಂದೆ ಬರಬಹುದಾದ ಅಳತೆಯನ್ನು ನೋಡಿ ಎಣಿಕೆಯ ಮನೆಗಳನ್ನು ಕಟ್ಟಬೇಕು. ಕಟ್ಟಿದ ಮೇಲೂ ತುಂಬಿದ ದಿನ ಯಂತ್ರವು 'ನನ್ನಿಂದಾಗದು' ಎಂದು ಹೇಳುವಂತಿರಬೇಕು. ತಂತ್ರಾಂಶ ರಚಿಸುವವರಿಗೆ ಇದು ಕರ್ತವ್ಯ. ನಮ್ಮಂಥ ಬಳಕೆದಾರರ ಪಾಲಿಗೆ ಉಳಿಯುವ ಪಾಠವೂ ಒಂದುಂಟು. ಹಿರಿಯರ ದನಿಯಿರುವ ಕಡತವೊಂದು 'ಕೆಟ್ಟಿದೆ' ಎಂದೋ 'ಅರ್ಧವಿದೆ' ಎಂದೋ ಯಂತ್ರ ನುಡಿದಾಗ, ಅದನ್ನು ಅಳಿಸುವ ಮುನ್ನ ಡಿಸ್ಕಿನ ಮೇಲಿನ ಅದರ ಗಾತ್ರವನ್ನೊಮ್ಮೆ ನೋಡಿ, ಕಾಗದದ ಮೇಲೆ ಲೆಕ್ಕ ಹಾಕಬೇಕು. ಗುಣಾಕಾರ, ಭಾಗಾಕಾರಗಳನ್ನು ಬಲ್ಲವರಿಗೆ ಅಷ್ಟು ಸಾಕು. ಕಳೆದುಹೋಯಿತೆಂದುಕೊಂಡ ಆರೇಳು ಗಂಟೆಗಳ ದನಿ ಅಲ್ಲಿಯೇ ಇರುವುದು ಕಂಡುಬಂದೀತು.